ಸುಂಕವಿಲ್ಲದ ಅಂಗಡಿಯ ಲೆಕ್ಕ

ಕೊಲ್ಲಿ ದೇಶಗಳಿಗೆ ಕೆಲಸಕ್ಕೆಂದು ಹೊರಟವರೂ ಅಲ್ಲಿಂದ ರಜೆಗೆ ಬಂದವರೂ ನಮ್ಮ ವಾಚನಾಲಯಕ್ಕೆ ಬರುವುದುಂಟು. ಅವರಲ್ಲಿ ಹೊಸಬರು ಕೇಳುವ ಒಂದು ಪ್ರಶ್ನೆ ಇದು: “ಅಣ್ಣಾರ, ಡ್ಯೂಟಿ ಫ್ರೀ ಅಂದ್ರ ಪುಕ್ಕಟೆ ಕೊಡ್ತಾರೇನ್ರಿ?” ಇದು ನಗುವಂಥ ಪ್ರಶ್ನೆಯಲ್ಲ. ಎರಡು ಸಾಬೂನಿಗೆ ಒಂದು ಫ್ರೀ, ಚಹಪುಡಿಗೆ ಚಮಚ ಫ್ರೀ ಎಂದು ಪೇಟೆಯಲ್ಲಿ ದಿನವೂ ಕಾಣುವ ಮಾತೇ ವಿಮಾನ ನಿಲ್ದಾಣದ ಅಂಗಡಿಯ ಮೇಲೂ ಬರೆದಿದ್ದರೆ ಬೇರೆ ಅರ್ಥ ಹೇಗೆ ಹೊಳೆದೀತು? ಅಲ್ಲಿ ಫ್ರೀ ಎಂದರೆ ‘ಇಲ್ಲದ್ದು’ ಎಂದರ್ಥ. ಡ್ಯೂಟಿ ಎಂದರೆ ಸುಂಕ. ಸುಂಕವಿಲ್ಲದ ಅಂಗಡಿ, ಅಷ್ಟೆ. ಬೆಲೆ ಕೊಡಲೇಬೇಕು. ಸುಂಕ ಯಾರದು ಇಲ್ಲ, ಎಲ್ಲಿಯವರೆಗೆ ಇಲ್ಲ ಎಂಬುದನ್ನು ತಿಳಿಯದೆ ಹೋದ ಕೆಲವರು ಎರಡು ವರ್ಷದ ಉಳಿತಾಯದಲ್ಲಿ ದೊಡ್ಡ ಪಾಲನ್ನೇ ಮುಂಬಯಿಯಲ್ಲಿ ಇಳಿಸಿ ಬಂದಿದ್ದಾರೆ. ಆದ್ದರಿಂದ ಈ ಲೇಖನ.

ಪುಣೆಯಲ್ಲಿ ಬಹಳ ವರ್ಷ ಕಳೆದವರಿಗೆ ಇದನ್ನು ಜಕಾತಿಯ ಉದಾಹರಣೆಯಿಂದ ಹೇಳಿದರೆ ಬೇಗ ತಿಳಿಯುತ್ತದೆ. 2013ರ ಮಾರ್ಚ್ ಮುಗಿಯುವವರೆಗೆ ಈ ಊರಿನ ದಾರಿಗಳಲ್ಲಿ ಜಕಾತಿ ನಾಕೆಗಳಿದ್ದವು. ಊರೊಳಗೆ ಮಾರುವ, ಬಳಸುವ ಸರಕಿಗೆ ಅಲ್ಲಿ ಜಕಾತಿ ಕಟ್ಟಬೇಕಿತ್ತು. ಸೊಲ್ಲಾಪುರದಿಂದ ಹೊರಟು ಪುಣೆಯ ಮೂಲಕ ಮುಂಬಯಿಗೆ ಹೋಗುವ ಟ್ರಕ್ಕಿನ ಸರಕಿಗೆ ಮಾತ್ರ ಪೂರ್ಣ ಜಕಾತಿ ಇರಲಿಲ್ಲ. ಒಳಬರುವಾಗ ಒಂದು ಚೀಟಿ ಪಡೆದು, ಹೊರಹೋಗುವ ನಾಕೆಯಲ್ಲಿ ತೋರಿಸಿದರಾಯಿತು. ಸರಕು ಊರಿನ ನೆಲದ ಮೇಲೆಯೇ ಹಾದುಹೋದರೂ ಲೆಕ್ಕದಲ್ಲಿ ಊರೊಳಗೆ ಬಂದಿಲ್ಲ ಎಂಬುದು ಇದರ ಹಿಂದಿನ ನ್ಯಾಯ.

ವಿಮಾನ ನಿಲ್ದಾಣದ ಸುಂಕವಿಲ್ಲದ ಅಂಗಡಿಯೂ ಇದೇ ನ್ಯಾಯದ ಮೇಲೆ ನಿಂತಿದೆ. ಪಾಸ್‌ಪೋರ್ಟಿನ ಮೇಲೆ ಹೊರಹೋಗುವ ಮುದ್ರೆ ಬಿದ್ದ ಮೇಲೆ ಪ್ರಯಾಣಿಕನು ಕಾನೂನಿನ ಕಣ್ಣಿನಲ್ಲಿ ಆ ದೇಶವನ್ನು ಬಿಟ್ಟಂತೆಯೇ. ಅವನ ಕಾಲ ಕೆಳಗಿನ ನೆಲ ಆ ದೇಶದ್ದೇ ಇರಬಹುದು, ಆದರೆ ಅವನು ಕೊಂಡ ವಸ್ತು ಆ ದೇಶದಲ್ಲಿ ಬಳಕೆಯಾಗುವುದಿಲ್ಲ. ಹಾಗಿದ್ದ ಮೇಲೆ ಆ ದೇಶದ ಸುಂಕವನ್ನು ಅವನೇಕೆ ಕೊಡಬೇಕು? ಈ ವಿಚಾರವನ್ನು ಮೊದಲು ಅಂಗಡಿಯ ರೂಪಕ್ಕೆ ತಂದವರು ಐರ್ಲೆಂಡ್ ದ್ವೀಪದ ಪಶ್ಚಿಮ ಕರಾವಳಿಯ ಶಾನನ್ ವಿಮಾನ ನಿಲ್ದಾಣದವರು, 1947ರಲ್ಲಿ. ಆಗಿನ ವಿಮಾನಗಳಿಗೆ ಯುರೋಪಿನಿಂದ ಅಮೆರಿಕೆಗೆ ಒಂದೇ ಹಾರಿಕೆಯಲ್ಲಿ ಹೋಗುವ ಶಕ್ತಿ ಇರಲಿಲ್ಲ. ಶಾನನ್ನಿನಲ್ಲಿ ಇಳಿದು ಎಣ್ಣೆ ತುಂಬಿಸಿಕೊಳ್ಳಬೇಕಾಗಿತ್ತು. ಪ್ರಯಾಣಿಕರು ಅಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಅವರ ಊಟ ಉಪಾಹಾರದ ವ್ಯವಸ್ಥೆ ನೋಡುತ್ತಿದ್ದ ಬ್ರೆಂಡನ್ ಒ’ರೀಗನ್ ಎಂಬವರು, ಐರ್ಲೆಂಡಿಗೆ ಕಾಲಿಡದೆ ಹಾದುಹೋಗುವ ಈ ಜನಕ್ಕೆ ಸುಂಕವಿಲ್ಲದೆ ಸರಕು ಮಾರಬಹುದಲ್ಲ ಎಂದು ಯೋಚಿಸಿದರು. ಅದೇ ವರ್ಷ ಅದಕ್ಕೆ ಬೇಕಾದ ಕಾಯಿದೆಯೂ ಆಯಿತು. ಸಣ್ಣ ಗೂಡಂಗಡಿಯಂತೆ ಆರಂಭವಾದದ್ದು ಇಂದು ಜಗತ್ತಿನ ಎಲ್ಲ ದೊಡ್ಡ ನಿಲ್ದಾಣಗಳಲ್ಲೂ ಇದೆ. 1983ರ ಡಿಸೆಂಬರಿನಲ್ಲಿ ದುಬೈ ನಿಲ್ದಾಣದಲ್ಲಿ ಇಂಥ ಅಂಗಡಿ ತೆರೆದಾಗಲೂ ಅದನ್ನು ಕಟ್ಟಿಕೊಡಲು ಬಂದವರು ಐರಿಷ್ ಜನರೇ.

ನಮ್ಮವರಿಗೆ ಹೆಚ್ಚು ಪರಿಚಯವಿರುವ ದ್ವೀಪದ ನಿಲ್ದಾಣವೆಂದರೆ ಬಹರೈನಿನದು. ದೇಶವೇ ಒಂದು ದ್ವೀಪಗಳ ಗುಂಪು. ಎಲ್ಲ ಸೇರಿದರೂ ನಮ್ಮ ಕೊಡಗು ಜಿಲ್ಲೆಯ ಐದರಲ್ಲೊಂದು ಪಾಲಿಗೆ ಸಾಲದು. ರಾಜಧಾನಿ ಮನಾಮ ಒಂದು ದ್ವೀಪದಲ್ಲಿ, ವಿಮಾನ ನಿಲ್ದಾಣ ಪಕ್ಕದ ಮುಹರ್ರಕ್ ದ್ವೀಪದಲ್ಲಿ, ನಡುವೆ ಸೇತುವೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯವರು ಅಲ್ಲಿ ಬಹಳ ಕಾಲದಿಂದ ಇದ್ದಾರೆ. ಅಲ್ಲೊಂದು ಕನ್ನಡ ಸಂಘವೂ ಇದೆ. ಇಂಗ್ಲೆಂಡಿನಿಂದ ಹಿಂದುಸ್ಥಾನಕ್ಕೆ ಬರುತ್ತಿದ್ದ ಇಂಪೀರಿಯಲ್ ಏರ್‌ವೇಸ್ ವಿಮಾನಗಳು 1932ರಿಂದ ಅಲ್ಲಿ ಇಳಿಯತೊಡಗಿದವು. ಶಾನನ್ನಿನಂತೆಯೇ ಇದೂ ಮೂಲತಃ ದಾರಿಯ ನಡುವಿನ ತಂಗುದಾಣ. ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನ 1976ರ ಜನವರಿ 21ರಂದು ಲಂಡನ್ನಿನಿಂದ ಮೊದಲ ಬಾರಿಗೆ ಹಣ ಕೊಟ್ಟ ಪ್ರಯಾಣಿಕರನ್ನು ಹೊತ್ತು ಹಾರಿದ್ದು ಇದೇ ಬಹರೈನಿಗೆ. 2021ರ ಜನವರಿಯಲ್ಲಿ ಅಲ್ಲಿ ಹೊಸ ಕಟ್ಟಡ ತೆರೆಯಿತು. ಗಲ್ಫ್ ಏರ್ ಕಂಪನಿಯ ಕೇಂದ್ರ ಇಲ್ಲಿಯೇ ಇರುವುದರಿಂದ ಬೇರೆ ಕೊಲ್ಲಿ ಊರುಗಳಿಗೆ ಹೋಗುವವರೂ ಇಲ್ಲಿ ವಿಮಾನ ಬದಲಿಸುತ್ತಾರೆ, ಅಂಗಡಿಗಳ ನಡುವೆ ಎರಡು ಮೂರು ತಾಸು ಕಳೆಯುತ್ತಾರೆ.

ದ್ವೀಪವಾದ ಮಾತ್ರಕ್ಕೆ ಸುಂಕವಿಲ್ಲದ ಅಂಗಡಿ ಇರಬೇಕೆಂದಿಲ್ಲ. ನಮ್ಮ ಲಕ್ಷದ್ವೀಪದ ಅಗತ್ತಿಯಲ್ಲಿ ಪುಟ್ಟ ವಿಮಾನ ನಿಲ್ದಾಣವಿದೆ. ಅದು ಸಮುದ್ರದ ನಡುವೆ ಇದ್ದರೂ ಭಾರತದೊಳಗೇ ಇದೆ. ಕೊಚ್ಚಿಯಿಂದ ಅಲ್ಲಿಗೆ ಹೋದವನು ದೇಶ ಬಿಟ್ಟಿಲ್ಲವಾದ್ದರಿಂದ ಅಲ್ಲಿ ಅಂಥ ಅಂಗಡಿಗೆ ಆಧಾರವೇ ಇಲ್ಲ. ಮಾಲ್ದೀವ್ಸಿನ ನಿಲ್ದಾಣ ಹುಳುಲೆ ಎಂಬ ಬೇರೆಯೇ ದ್ವೀಪದ ಮೇಲಿದೆ. ಆ ದೇಶದೊಳಗೆ ಪ್ರಯಾಣಿಕರು ಮದ್ಯ ಒಯ್ಯುವಂತಿಲ್ಲ. ದಾರಿಯಲ್ಲಿ ಬೇರೆ ನಿಲ್ದಾಣದ ಅಂಗಡಿಯಲ್ಲಿ ಬಾಟಲಿ ಕೊಂಡು ಅಲ್ಲಿ ಇಳಿದವನದನ್ನು ಸುಂಕದವರು ತೆಗೆದಿಟ್ಟುಕೊಂಡು, ಹಿಂತಿರುಗುವಾಗ ಕೊಡುತ್ತಾರೆ. ಮಾರಿದ ಅಂಗಡಿಯ ಕಾನೂನು ಬೇರೆ, ಇಳಿಯುವ ಊರಿನ ಕಾನೂನು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ. ಶ್ರೀಲಂಕೆಯ ಕಟುನಾಯಕ ನಿಲ್ದಾಣದಲ್ಲಿ ಇನ್ನೊಂದು ಬಗೆ: ಅಲ್ಲಿ ಬಂದಿಳಿಯುವವರ ಅಂಗಡಿಗಳಲ್ಲಿ ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರಗಳನ್ನೇ ಸಾಲಾಗಿ ಇಟ್ಟಿರುತ್ತಾರೆ. ಕೊಲ್ಲಿಯಲ್ಲಿ ಮನೆಗೆಲಸ ಮಾಡಿ ಬರುವ ಅಲ್ಲಿನ ಹೆಣ್ಣುಮಕ್ಕಳಿಗೆ ಅದೊಂದು ಸವಲತ್ತು. ನಮ್ಮಲ್ಲಿ ಆ ಪದ್ಧತಿ ಇಲ್ಲ.

ಈಗ ಬೆಲೆಯ ಮಾತಿಗೆ ಬರೋಣ. ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡಾದ್ದರಿಂದ ಈ ಭಾಗವನ್ನು ತುಸು ಬಿಡಿಸಿಯೇ ಹೇಳುತ್ತೇನೆ. ಸುಂಕ ಬಿಟ್ಟುದರಿಂದ ಎಷ್ಟು ಉಳಿಯುತ್ತದೆ ಎಂಬುದು, ಮೊದಲು ಆ ಊರಿನಲ್ಲಿ ಸುಂಕ ಎಷ್ಟಿತ್ತು ಎಂಬುದನ್ನು ಅವಲಂಬಿಸಿದೆ. ಕೊಲ್ಲಿಯ ಆರು ದೇಶಗಳು 2003ರಿಂದ ಹೆಚ್ಚಿನ ಸಾಮಾನುಗಳಿಗೆ ಒಂದೇ ಸುಂಕ ಇಟ್ಟುಕೊಂಡಿವೆ: ನೂರಕ್ಕೆ 5. ಇದಲ್ಲದೆ ಬಹರೈನಿನಲ್ಲಿ 2019ರಿಂದ ನಮ್ಮ ಜಿ.ಎಸ್.ಟಿ.ಯಂಥ ಒಂದು ತೆರಿಗೆ ಇದೆ. ಮೊದಲು ನೂರಕ್ಕೆ 5 ಇದ್ದುದು 2022ರ ಜನವರಿಯಿಂದ 10 ಆಗಿದೆ. 10 ದಿನಾರಿನ ಚಾಕಲೇಟು ಡಬ್ಬಿಯನ್ನು ತೆಗೆದುಕೊಳ್ಳಿ. ಸುಂಕ ಸೇರಿ ಹತ್ತೂವರೆ, ಅದರ ಮೇಲೆ ತೆರಿಗೆ ಸೇರಿ 11 ದಿನಾರು 550 ಫಿಲ್ಸ್. (ಸಾವಿರ ಫಿಲ್ಸಿಗೆ ಒಂದು ದಿನಾರು.) ಅಂದರೆ ನಿಲ್ದಾಣದ ಅಂಗಡಿಗೆ ಸಿಗುವ ಅನುಕೂಲ ಹೆಚ್ಚೆಂದರೆ ಒಂದೂವರೆ ದಿನಾರು. ಆದರೆ ನಿಲ್ದಾಣದೊಳಗಿನ ಅಂಗಡಿಯ ಬಾಡಿಗೆ ಮನಾಮದ ಗಲ್ಲಿಯ ಅಂಗಡಿಯ ಬಾಡಿಗೆಯಲ್ಲ. ಹೊಳೆಯುವ ದೀಪ, ಸಮವಸ್ತ್ರದ ಮಾರಾಟಗಾರರು, ರಾತ್ರಿಯಿಡೀ ತೆರೆದ ಬಾಗಿಲು, ಇವೆಲ್ಲದರ ಖರ್ಚು ಆ ಒಂದೂವರೆ ದಿನಾರಿನಿಂದ ಹೊರಡಬೇಕು. ಅದು ಸಾಲದಾದಾಗ ಬೆಲೆಯ ಮೇಲೆಯೇ ಬೀಳುತ್ತದೆ. ಖರ್ಜೂರ, ಬಾದಾಮಿ, ಹಾಲಿನ ಪುಡಿ, ಚಾಕಲೇಟು, ಕಂಬಳಿ ಮುಂತಾದವನ್ನು ಹೊರಡುವ ವಾರವೇ ಊರ ಪೇಟೆಯಲ್ಲಿ ಚೌಕಾಸಿ ಮಾಡಿ ಕೊಂಡವರು ಜಾಣರು. ನಿಲ್ದಾಣದಲ್ಲಿ ಚೌಕಾಸಿ ನಡೆಯುವುದಿಲ್ಲ. ಮಕ್ಕಳಿಗೆ ಏನೂ ಕೊಂಡಿಲ್ಲವೆಂಬ ಕೊನೆಯ ಗಳಿಗೆಯ ತಳಮಳ ಅಂಗಡಿಯವನಿಗೆ ಚೆನ್ನಾಗಿ ಗೊತ್ತು.

ನಿಜವಾಗಿ ಅಗ್ಗವಾಗುವುದು ಎಲ್ಲಿ ಸುಂಕ ಭಾರಿಯೋ ಅಲ್ಲಿ. ಬಹರೈನಿನಲ್ಲಿ ಮದ್ಯದ ಸುಂಕ ಮದ್ಯದ ಬೆಲೆಯನ್ನೂ ಮೀರಿದ್ದು. ತಂಬಾಕಿಗೆ ಸುಂಕವಲ್ಲದೆ 2017ರ ಕೊನೆಯಿಂದ ನೂರಕ್ಕೆ ನೂರು ಅಬಕಾರಿ ತೆರಿಗೆ ಬೇರೆ. ಅಂಥ ಸರಕು ಸುಂಕವಿಲ್ಲದ ಅಂಗಡಿಯಲ್ಲಿ ಅರ್ಧ ಬೆಲೆಗೆ ಬಂದರೂ ಆಶ್ಚರ್ಯವಿಲ್ಲ. ಈ ಅಂಗಡಿಗಳು ಜಗತ್ತಿನ ಎಲ್ಲೆಡೆ ಬಾಟಲಿ ಮತ್ತು ಸಿಗರೇಟಿನ ಮೇಲೆಯೇ ಬೆಳೆದವು ಎಂಬುದಕ್ಕೆ ಕಾರಣ ಇದೇ. ಕುಡಿಯದ, ಸೇದದ ನಮ್ಮಂಥವರಿಗೆ ಅಲ್ಲಿ ದೊಡ್ಡ ಲಾಭ ಯಾವುದೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ನಮ್ಮವರು ಕೆಡುವುದು ಬಹರೈನಿನ ಅಂಗಡಿಯಲ್ಲಲ್ಲ, ಮುಂಬಯಿಯ ಸುಂಕದ ಕಟ್ಟೆಯಲ್ಲಿ. ಅಲ್ಲಿ ಬಿಟ್ಟ ಸುಂಕ ಆ ದೇಶದ್ದು. ಭಾರತದ ಸುಂಕವನ್ನು ಆ ಅಂಗಡಿಯವನು ಬಿಡಲಾರ, ಅದು ಅವನ ಕೈಯಲ್ಲಿಲ್ಲ. ಇಲ್ಲಿ ಬಂದಿಳಿದಾಗ 1962ರ ಕಸ್ಟಮ್ಸ್ ಕಾಯಿದೆ ಮತ್ತು ಅದರಡಿಯ ಬ್ಯಾಗೇಜ್ ನಿಯಮಗಳು ಹೇಳಿದಷ್ಟಕ್ಕೆ ಮಾತ್ರ ಮಾಫಿ. ತೊಟ್ಟ ಬಟ್ಟೆ, ಬಳಸಿದ ಸಾಮಾನುಗಳಿಗೆ ತೊಂದರೆಯಿಲ್ಲ. ಹೊಸ ಸಾಮಾನಿಗೆ ಒಂದು ಬೆಲೆಯ ಮಿತಿ ಇಟ್ಟಿರುತ್ತಾರೆ. 2014ರಲ್ಲಿ ಅದನ್ನು 35,000 ರೂಪಾಯಿಯಿಂದ 45,000ಕ್ಕೆ, 2016ರ ಏಪ್ರಿಲಿನಿಂದ 50,000ಕ್ಕೆ ಏರಿಸಿದರು. ಈ ಅಂಕಿ ಬಜೆಟ್ಟಿನೊಂದಿಗೆ ಬದಲಾಗುವಂಥದು. ಹೊರಡುವ ವರ್ಷದ್ದನ್ನೇ ನೋಡಿಕೊಳ್ಳತಕ್ಕದ್ದು. ಮಿತಿಯ ಮೇಲಿನ ಬೆಲೆಗೆ ಸುಂಕ ಬೀಳುತ್ತದೆ. 2018ರ ಬಜೆಟ್ಟಿನ ಬಳಿಕ ಅದು ಎಲ್ಲ ಸೇರಿ ನೂರಕ್ಕೆ 38.5 ಆಗಿತ್ತು.

ಈ ಮಿತಿಯ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳು ನಮ್ಮಲ್ಲಿ ಹರಡಿವೆ. ಗಂಡ ಹೆಂಡತಿ ಇಬ್ಬರ ಮಿತಿಯನ್ನು ಕೂಡಿಸಿ ಒಂದು ದುಬಾರಿ ವಸ್ತು ತರಬಹುದೆಂಬುದು ಒಂದು. ಕೂಡಿಸುವಂತಿಲ್ಲವೆಂದು 2016ರ ನಿಯಮದಲ್ಲಿ ಬಿಡಿಸಿಯೇ ಬರೆದಿದ್ದರು. ಒಂದು ಲಕ್ಷದ ಒಂದೇ ವಸ್ತುವಿದ್ದರೆ ಅದು ಒಬ್ಬರ ಹೆಸರಿಗೆ, ಒಬ್ಬರ ಮಿತಿಗೆ. ಎರಡನೆಯದು, ಮಿತಿಯೊಳಗಿನ ಬೆಲೆಯ ಯಾವ ಸಾಮಾನಾದರೂ ಸರಿ ಎಂಬುದು. ಕೆಲವು ಸಾಮಾನುಗಳನ್ನು ಮಿತಿಯ ಹೊರಗೇ ಇಟ್ಟಿದ್ದರು. ರೂಪಾಯಿಯ ಬೆಲೆ ಬಹಳ ಕುಸಿಯುತ್ತಿದ್ದ 2013ರ ಆಗಸ್ಟಿನಲ್ಲಿ, ಚಪ್ಪಟೆ ಟಿ.ವಿ.ಗೆ ಇದ್ದ ಮಾಫಿಯನ್ನು ಸರಕಾರ ತೆಗೆದುಹಾಕಿತು. ಅಂದಿನಿಂದ ಟಿ.ವಿ.ಗೆ ಮೊದಲ ರೂಪಾಯಿಯಿಂದಲೇ ಸುಂಕ.

ಜಮಖಂಡಿ ಕಡೆಯ ಒಬ್ಬ ಬಡಗಿಯವರು ನಮ್ಮಲ್ಲಿ ಪತ್ರಿಕೆ ಓದಲು ಬರುತ್ತಾರೆ. ಮನಾಮದಲ್ಲಿ ಎರಡು ವರ್ಷ ಕೆಲಸ ಮಾಡಿ 2019ರಲ್ಲಿ ಹಿಂತಿರುಗುವಾಗ, ತಂದೆ ತಾಯಿಗೆಂದು ನಮ್ಮ ಲೆಕ್ಕದಲ್ಲಿ 40,000 ರೂಪಾಯಿಯ ಟಿ.ವಿ. ಕೊಂಡರು. ಹೆಸರು ಬೇಡವಾದ ಆ ಅಂಗಡಿಯವನು “ಇಂಡಿಯಾಕ್ಕೆ ಐವತ್ತು ಸಾವಿರದವರೆಗೆ ಫ್ರೀ” ಎಂದು ಭರವಸೆ ಕೊಟ್ಟಿದ್ದನಂತೆ. ಐವತ್ತು ಸಾವಿರದ ಮಾತು ಸುಳ್ಳಲ್ಲ, ಟಿ.ವಿ. ಅದರಲ್ಲಿ ಬರುವುದಿಲ್ಲ ಎಂಬುದನ್ನು ಮಾತ್ರ ಅವನು ಹೇಳಲಿಲ್ಲ. ಮುಂಬಯಿಯಲ್ಲಿ ಸುಂಕ 15,400 ರೂಪಾಯಿ ಆಯಿತು. ಕಿಸೆಯಲ್ಲಿ ಬಸ್ಸಿನ ಹಣ ಬಿಟ್ಟು ಹೆಚ್ಚಿರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲವಷ್ಟೆ. ಅಧಿಕಾರಿ ಬೈಯಲಿಲ್ಲ, ಟಿ.ವಿ.ಯನ್ನು ಇರಿಸಿಕೊಂಡು ರಸೀದಿ ಕೊಟ್ಟು ಕಳಿಸಿದರು. ಪಿಂಪರಿಯಲ್ಲಿದ್ದ ಕಾಕಾನಿಂದ ಸಾಲ ತಂದು, ಮತ್ತೆ ಮುಂಬಯಿಗೆ ಹೋಗಿ ಬಿಡಿಸಿ ತರುವಷ್ಟರಲ್ಲಿ, ತಂಗಿಯ ಕಾಲೇಜಿನ ಫೀ ಕಟ್ಟಲು ಇಟ್ಟ ಹಣ ಮುಗಿದಿತ್ತು. ಅದೇ ಅಳತೆಯ ಟಿ.ವಿ. ಬುಧವಾರ ಪೇಟೆಯ ತಾಪಕೀರ ಗಲ್ಲಿಯಲ್ಲಿ ಅದಕ್ಕಿಂತ ಕಡಿಮೆಗೆ, ಗ್ಯಾರಂಟಿ ಸಮೇತ ಸಿಗುತ್ತಿತ್ತು.

ಸಿಗರೇಟಿನ ವಿಷಯದಲ್ಲೂ ಇಂಥದೇ ಒಂದು ಬಲೆ ಇದೆ. ಸುಂಕವಿಲ್ಲದ ಅಂಗಡಿಯಲ್ಲಿ ಮಾರುವ ದೊಡ್ಡ ಕಟ್ಟಿನಲ್ಲಿ ಸಾಮಾನ್ಯವಾಗಿ 200 ಸಿಗರೇಟುಗಳು. ಭಾರತದಲ್ಲಿ ಮಾಫಿ ಇದ್ದ ಸಂಖ್ಯೆಯನ್ನು 2014ರಲ್ಲಿ 200ರಿಂದ 100ಕ್ಕೆ ಇಳಿಸಿದರು; ಕಟ್ಟಿನ ಗಾತ್ರ ಮಾತ್ರ ಹಾಗೆಯೇ ಉಳಿಯಿತು. ಮದ್ಯಕ್ಕೆ 2016ರ ನಿಯಮ ಹೇಳಿದ್ದು ಎರಡು ಲೀಟರು. ಮೂರನೆಯ ಬಾಟಲಿ ಕೇಳಿದರೂ ಅಂಗಡಿಯವನು ಕೊಡುತ್ತಾನೆ. ಅವನ ಹೊಣೆ ಗಲ್ಲೆಯವರೆಗೆ ಮಾತ್ರ. ನಮ್ಮ ನಿಲ್ದಾಣಗಳಲ್ಲಿ ಬಂದಿಳಿದ ಮೇಲೆ ಕಾಣುವ ಅಂಗಡಿಯಲ್ಲಿ ಕೊಂಡದ್ದೂ ಇದೇ ಮಿತಿಯ ಲೆಕ್ಕಕ್ಕೆ ಸೇರುತ್ತದೆ.

ಬಂಗಾರದ್ದು ದೊಡ್ಡ ಕಥೆ. ಅದಕ್ಕೂ ಬಹರೈನಿಗೂ ಹಳೆಯ ನಂಟು. ಸ್ವಾತಂತ್ರ್ಯ ಬಂದು ಬಹಳ ವರ್ಷಗಳವರೆಗೆ ಬಹರೈನ್, ಕುವೈತ್, ಕತಾರ್, ದುಬೈಗಳಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ. ಭಾರತದಲ್ಲಿ ಬಂಗಾರದ ಆಮದಿಗೆ ತಡೆ ಇದ್ದುದರಿಂದ ಇಲ್ಲಿ ಬೆಲೆ ಹೆಚ್ಚು, ಅಲ್ಲಿ ಕಡಿಮೆ. ಕಳ್ಳಸಾಗಣೆಯವರು ರೂಪಾಯಿ ನೋಟುಗಳನ್ನು ಕೊಲ್ಲಿಗೆ ಒಯ್ದು, ಬಂಗಾರ ಕೊಂಡು ದೋಣಿಗಳಲ್ಲಿ ತಂದು ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಳಿಸುತ್ತಿದ್ದರು. ಕೊಲ್ಲಿಯ ಬ್ಯಾಂಕುಗಳು ಆ ನೋಟುಗಳನ್ನು ರಿಸರ್ವ್ ಬ್ಯಾಂಕಿಗೆ ಒಪ್ಪಿಸಿ ಪೌಂಡು ಕೇಳುತ್ತಿದ್ದವು. ಹೀಗೆ ದೇಶದ ವಿದೇಶೀ ಹಣ ಸೋರಿಹೋಗುವುದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಕ್ರಮಾಂಕದ ಮುಂದೆ ಝಡ್ ಅಕ್ಷರವಿದ್ದ ಆ ನೋಟು ಭಾರತದೊಳಗೆ ನಡೆಯುತ್ತಿರಲಿಲ್ಲ. 1961ರಲ್ಲಿ ಕುವೈತ್ ತನ್ನ ದಿನಾರು ತಂದಿತು. ಬಹರೈನ್ 1965ರಲ್ಲಿ 10 ರೂಪಾಯಿಗೆ ಒಂದರಂತೆ ತನ್ನ ದಿನಾರು ತಂದಿತು. ಮರುವರ್ಷ ಜೂನಿನಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿಸಿದಾಗ ಕತಾರ್, ದುಬೈಗಳೂ ಅದನ್ನು ಬಿಟ್ಟವು. ಆಗ 10 ರೂಪಾಯಿ ಇದ್ದ ದಿನಾರು ಇಂದು ಇನ್ನೂರು ರೂಪಾಯಿಗೂ ಮಿಕ್ಕಿದೆ. ನಮ್ಮ ಹುಡುಗರು ಅಲ್ಲಿಗೆ ಹೋಗುವುದರ ಅರ್ಧ ಕಾರಣ ಈ ಒಂದು ಸಾಲಿನಲ್ಲಿಯೇ ಇದೆ.

ಕಾನೂನಿನಲ್ಲಿ ಬಂಗಾರದ ಮೇಲಿನ ಸಂಶಯ ಇನ್ನೂ ಹೋಗಿಲ್ಲ. ಬೇರೆ ವಸ್ತುಗಳ ಮಾತು ಹಾಗಿರಲಿ, ಕಳ್ಳಸಾಗಣೆಯದೆಂದು ಬಂಗಾರವನ್ನು ಹಿಡಿದರೆ, ಅದು ಹಾಗಲ್ಲವೆಂದು ತೋರಿಸುವ ಹೊಣೆ ಹೊತ್ತು ತಂದವನದೇ ಎಂದು ಕಸ್ಟಮ್ಸ್ ಕಾಯಿದೆಯ 123ನೆಯ ಕಲಮು ಹೇಳುತ್ತದೆ. ಒಂದು ವರ್ಷಕ್ಕೆ ಮಿಕ್ಕಿ ಹೊರಗಿದ್ದು ಬರುವ ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ ಆಭರಣ ಮಾಫಿ ಎಂದು 2016ರ ನಿಯಮದಲ್ಲಿತ್ತು. ಜನರ ಬಾಯಲ್ಲಿ ಉಳಿದದ್ದು ಈ ಗ್ರಾಂ ಮಾತ್ರ. ಅದರ ಜತೆಗೆ ಗಂಡಸರಿಗೆ 50,000 ರೂಪಾಯಿ, ಹೆಂಗಸರಿಗೆ ಒಂದು ಲಕ್ಷ ಎಂದು ಬೆಲೆಯ ಬೇಲಿಯೂ ಇತ್ತು. ಎರಡನ್ನೂ ಭಾಗಿಸಿ ನೋಡಿದರೆ ಒಂದು ಗ್ರಾಮಿಗೆ 2,500 ರೂಪಾಯಿ. ಬಂಗಾರ ಆ ದರವನ್ನು ದಾಟಿ ಎಷ್ಟೋ ಕಾಲವಾಯಿತು. ಆದ್ದರಿಂದ ತೂಕ ಸರಿಯಿದೆ ಎಂದು ಧೈರ್ಯವಾಗಿ ಬಂದವರು ಬೆಲೆಯಲ್ಲಿ ಸಿಕ್ಕಿಬಿದ್ದರು. ನಿಯಮವನ್ನು ಓದುವಾಗ ಗ್ರಾಂ ಎಷ್ಟು, ಬೆಲೆಯ ಮಿತಿ ಇದೆಯೇ, ಎಷ್ಟು ಕಾಲ ಹೊರಗಿದ್ದಿರಬೇಕು ಎಂಬ ಮೂರನ್ನೂ ಒಟ್ಟಿಗೆ ಓದಬೇಕು.

ಸುಂಕದ ಕಟ್ಟೆಯಲ್ಲಿ ಹಸಿರು, ಕೆಂಪು ಎಂದು ಎರಡು ದಾರಿಗಳಿರುತ್ತವೆ. ಹಸಿರಿನಲ್ಲಿ ಕಾಲಿಟ್ಟರೆ, ಬಾಯಿ ಬಿಟ್ಟು ಏನೂ ಹೇಳದಿದ್ದರೂ ‘ನನ್ನಲ್ಲಿ ಸುಂಕದ ವಸ್ತುವಿಲ್ಲ’ ಎಂದು ಹೇಳಿದಂತೆ. ಗುಂಪಿನ ಹಿಂದೆ ತಿಳಿಯದೆ ಹೋದೆ ಎಂಬ ಮಾತು ನಡೆಯುವುದಿಲ್ಲ. ಕೆಂಪು ದಾರಿಗೆ ನಮ್ಮವರು ವೃಥಾ ಹೆದರುತ್ತಾರೆ; ಅಲ್ಲಿ ಹೋದವನು ಕಳ್ಳನಲ್ಲ. ಇದ್ದುದನ್ನು ಹೇಳಿ, ರಸೀದಿ ತೋರಿಸಿ, ಸುಂಕ ಕಟ್ಟಿ ಬರುತ್ತಾನೆ, ಅಷ್ಟೆ. ಕಟ್ಟಲು ಮನಸ್ಸಿಲ್ಲದಿದ್ದರೆ ಇನ್ನೊಂದು ಉಪಾಯವಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಿಜ ಹೇಳಿದವನು ಆ ವಸ್ತುವನ್ನು ಅಲ್ಲಿಯೇ ಇರಿಸಿಕೊಂಡು, ತಾನು ಮತ್ತೆ ದೇಶ ಬಿಡುವಾಗ ಹಿಂದಕ್ಕೆ ಕೊಡುವಂತೆ ಕೇಳಿಕೊಳ್ಳಬಹುದು. ಕಾಯಿದೆಯ 80ನೆಯ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ. ರಜೆ ಮುಗಿಸಿ ಹಿಂತಿರುಗುವವರಿಗೆ ಇದು ಉಪಯೋಗಕ್ಕೆ ಬರುವಂಥದು. ಬಚ್ಚಿಟ್ಟು ಸಿಕ್ಕಿಬಿದ್ದವನಿಗೆ ಈ ದಾರಿ ಮುಚ್ಚಿದಂತೆಯೇ. ವಸ್ತು ಜಪ್ತಿ, ಮೇಲೆ ದಂಡ, ಬೆಲೆ ದೊಡ್ಡದಾದರೆ ಮೊಕದ್ದಮೆ.

ಪರರ ಗಂಟಿನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. “ತಮ್ಮಾ, ನಮ್ಮ ಅಕ್ಕಗ ಒಂದು ಸಣ್ಣ ಪಾರ್ಸೆಲ್ ಐತಿ, ಒಯ್ದು ಕೊಡು” ಎಂದು ಕೋಣೆಯ ಜತೆಗಾರರೋ ಅವರ ಪರಿಚಯದವರೋ ನಿಲ್ದಾಣದ ಬಾಗಿಲಲ್ಲಿ ಕೈಗೆ ಇಡುತ್ತಾರೆ. ಬೇಡ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಸುಂಕದವರ ಲೆಕ್ಕದಲ್ಲಿ ಯಾರ ಕೈಯಲ್ಲಿದೆಯೋ ಅವನದೇ ಅದು. ಬಿಚ್ಚಿ ನೋಡಿ, ಕೊಟ್ಟವರ ಮುಂದೆಯೇ ಮತ್ತೆ ಕಟ್ಟಿಕೊಳ್ಳಿರಿ. ಬಿಚ್ಚಲು ಒಪ್ಪದಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಬಾಟಲಿ ಕೊಳ್ಳುವವರಿಗೆ ಒಂದು ಕೊನೆಯ ಸೂಚನೆ. ಅಂಗಡಿಯವರು ಬಾಟಲಿಯನ್ನೋ ಸುಗಂಧದ ಸೀಸೆಯನ್ನೋ ರಸೀದಿಯೊಂದಿಗೆ ಒಂದು ಪಾರದರ್ಶಕ ಚೀಲದಲ್ಲಿ ಹಾಕಿ ಮುದ್ರೆ ಮಾಡಿಕೊಡುತ್ತಾರೆ. 2006ರಲ್ಲಿ ಲಂಡನ್ನಿನಲ್ಲಿ ದ್ರವಸ್ಫೋಟಕದ ಸಂಚು ಬಯಲಾದ ಮೇಲೆ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಸೀಸೆಗಳಿಗೆ ತಡೆ ಬಂದದ್ದರಿಂದ ಈ ಏರ್ಪಾಡು. ಮನೆ ಮುಟ್ಟುವವರೆಗೆ ಚೀಲ ಹರಿಯಬಾರದು. ಮುಂಬಯಿಯಲ್ಲಿ ಇಳಿದು ಬಸ್ಸಿನಲ್ಲಿ ಪುಣೆಗೆ ಬರುವವರಿಗೆ ಚಿಂತೆಯಿಲ್ಲ. ಅಲ್ಲಿಂದ ಮಂಗಳೂರಿಗೋ ಹುಬ್ಬಳ್ಳಿಗೋ ಮತ್ತೊಂದು ವಿಮಾನ ಹತ್ತುವವರು ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ವಿಮಾನದ ಹೊಟ್ಟೆಗೆ ಕಳಿಸುವ ದೊಡ್ಡ ಪೆಟ್ಟಿಗೆಯಲ್ಲಿ ಇಡುವುದು ಒಳ್ಳೆಯದು. ಕೈಚೀಲದಲ್ಲಿದ್ದರೆ ತಪಾಸಣೆಯ ಮೇಜಿನ ಮೇಲೆಯೇ ಉಳಿದೀತು.

ಬ್ಯಾಗೇಜ್ ನಿಯಮಗಳ ಈಚಿನ ಪ್ರತಿಯನ್ನು ವಾಚನಾಲಯದ ಫಲಕಕ್ಕೆ ಹಚ್ಚಲಾಗಿದೆ. ಅದು ಇಂಗ್ಲಿಷಿನಲ್ಲಿದೆ, ಹೊರಡುವ ಮುನ್ನ ಅರ್ಥ ತಿಳಿಯಬೇಕೆನ್ನುವವರು ರವಿವಾರ ಬೆಳಿಗ್ಗೆ ಬಂದರೆ ಓದಿ ಹೇಳಲು ನಮ್ಮಲ್ಲಿ ಯಾರಾದರೊಬ್ಬರು ಇರುತ್ತೇವೆ. ಬರುವಾಗ, ಕೊಳ್ಳಬೇಕೆಂದಿರುವ ಸಾಮಾನಿನ ಹೆಸರು ಮತ್ತು ಬೆಲೆಯನ್ನು ಒಂದು ಚೀಟಿಯಲ್ಲಿ ಬರೆದು ತರಬೇಕಾಗಿ ವಿನಂತಿ.